ಕಾಯಿ ಅಲ್ಲಾಡಿಸುವ ದೊಡ್ಡಪ್ಪನ ಮೂಳೆ ಸ್ಕ್ಯಾನ್

ನಾನು ಕೆಲಸ ಮಾಡುವ ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ನಗುವಂಥದ್ದೇನೂ ನಡೆಯದ ದಿನ ಕಡಿಮೆ. ತಿಪಟೂರು ಕಡೆಯ ರೋಗಿ ಬಂದರಂತೂ ಕೇಳುವುದೇ ಬೇಡ. ಹಾಗೆ ಬಂದವರಲ್ಲಿ ಹಂದನಕೆರೆಯ ನನ್ನ ದೊಡ್ಡಪ್ಪನೂ ಒಬ್ಬರು. ಹಿಂದಿನ ವರ್ಷ ಪ್ರಾಸ್ಟೇಟ್ ಕ್ಯಾನ್ಸರಿಗೆ ಚಿಕಿತ್ಸೆ ಆಗಿತ್ತು, ಈಗ ಸೊಂಟನೋವು. ರೋಗ ಮೂಳೆಗೆ ಹಬ್ಬಿದೆಯೇ ನೋಡಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ನನಗೆ ಒಳಗೊಳಗೇ ಹೆದರಿಕೆ.

೧. ಅಲ್ಲಾಡ್ಸಿ ನೋಡು

ದೊಡ್ಡಪ್ಪ ಕೊಬ್ಬರಿ ಬೆಳೆಗಾರರು. ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗಲು ಇಟ್ಟ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಆಗಿದೆಯೋ ಕೊಳೆತಿದೆಯೋ ಹೇಳಿಬಿಡುತ್ತಾರೆ. ಇಂಜೆಕ್ಷನ್ ಹಿಡಿದು ವಿವರಿಸಿದೆ. "ಇದರಲ್ಲಿ ಚೂರೇ ಚೂರು ವಿಕಿರಣದ ಔಷಧ ಇದೆ ದೊಡ್ಡಪ್ಪ. ಮೂಳೆಗೆ ಹೋಗಿ ಕೂರುತ್ತೆ. ತೊಂದರೆ ಇರೋ ಕಡೆ ಜಾಸ್ತಿ ಸೇರುತ್ತೆ. ಅದನ್ನ ಕ್ಯಾಮೆರಾ ಹಿಡಿಯುತ್ತೆ."

"ಒಳಗೆ ಏನೈತೆ ಅಂತ ನೋಡಕ್ಕೆ ಇಷ್ಟೆಲ್ಲಾ ಯಾಕವ್ವಾ? ಹಿಡ್ಕಂಡು ಅಲ್ಲಾಡ್ಸಿ ನೋಡು."

ಪಕ್ಕದಲ್ಲಿದ್ದ ದೊಡ್ಡಮ್ಮ, "ಮದ್ವೆ ಆದಾಗಿಂದ ನೋಡಿವ್ನಿ ಬುಡು. ಹೆಂಗ್ ಅಲ್ಲಾಡ್ಸಿದ್ರೂ ಬರೋದು ಬಾಯಿ ಸದ್ದೊಂದೇ" ಎಂದರು.

೨. ಪರವೂರ ಎಳನೀರು

ಔಷಧ ಮೂಳೆಗೆ ಹಿಡಿಯುವವರೆಗೆ ಕೆಲವು ಗಂಟೆ ಕಾಯಬೇಕು, ಚೆನ್ನಾಗಿ ನೀರು ಕುಡಿಯುತ್ತಿರಬೇಕು. ಗೇಟಿನ ಬಳಿಯಿಂದ ಎಳನೀರು ತರಿಸಿದೆ. ದೊಡ್ಡಪ್ಪ ಮುಖ ಸಿಂಡರಿಸಿದರು. ನಮ್ಮ ಕಡೆ ಕಾಯಿ ಬಲಿತು ಕೊಬ್ಬರಿಯಾಗಬೇಕು, ಎಳೆಯದನ್ನು ಕೀಳುವವನು ಮನೆಹಾಳ.

"ಹುಟ್ಟೋಕ್ ಮುಂಚೇನೇ ಕೊಬ್ಬರಿ ಕೊಂದಂಗಲ್ವೇನವ್ವಾ? ಎಲ್ಲೀದಿದು?"

"ಮದ್ದೂರಿಂದಂತೆ."

"ಹಂಗಾದ್ರೆ ಕೊಡು. ನಮ್ಮ ಮರದ್ದಲ್ಲವಲ್ಲ!"

ಗಟಗಟನೆ ಕುಡಿದು ಇನ್ನೊಂದು ತರಿಸು ಎಂದರು.

೩. ದೂರ ನಿಂತ ಸೊಸೆ

ಮಧ್ಯಾಹ್ನದ ರೈಲಿಗೆ ಅವರ ಸೊಸೆ ಬಂದಳು. ತಿಪಟೂರಿನಲ್ಲಿ ಟೀಚರ್. ಮಾವನ ಕಾಲಿಗೆ ಮುಳ್ಳು ಚುಚ್ಚಿದರೂ ಓಡಿ ಬರುವವಳು ಅವತ್ತು ಬಾಗಿಲ ಬೋರ್ಡು ಓದಿದವಳೇ ವೆರಾಂಡದ ಆ ತುದಿಗೆ ಹೋಗಿ ನಿಂತಳು. ದೊಡ್ಡಪ್ಪ ಕರೆದರೂ, "ಇಲ್ಲೇ ಇರ್ತೀನಿ ಮಾವ" ಎಂದಳೇ ಹೊರತು ಹತ್ತಿರ ಬರಲಿಲ್ಲ. ಭಯದಲ್ಲಿದ್ದ ನನಗೂ ಯಾಕೆಂದು ಹೊಳೆಯಲಿಲ್ಲ.

ದೊಡ್ಡಪ್ಪನ ಮುಖ ಇಳಿದುಹೋಯಿತು. ಸ್ಕ್ಯಾನಿಗೆ ಮಲಗಿಸುವಾಗ ನನ್ನ ಕೈ ಹಿಡಿದರು. "ಆ ಮಗೀಗೂ ಗೊತ್ತಾಗೈತೆ ಕಣವ್ವಾ. ನಂದು ಮುಗೀತು, ಅದ್ಕೇ ಹತ್ರ ಬತ್ತಿಲ್ಲ. ಎಲ್ರೂ ಸೇರಿ ಮುಚ್ಚಿಡ್ತಿದೀರ."

ನನಗೆ ಅಳು ಬಂತು. ಕ್ಯಾಮೆರಾ ತಲೆಯಿಂದ ಕಾಲಿನವರೆಗೆ ಮೆಲ್ಲಗೆ ಸರಿಯುವಷ್ಟು ಹೊತ್ತೂ ನೆನಪಾದ ದೇವರಿಗೆಲ್ಲ ಕೈಮುಗಿದೆ.

ಡಾಕ್ಟರು ಚಿತ್ರಗಳನ್ನು ನೋಡಿ, ನಾವೆಲ್ಲ ಕಾಯುತ್ತಿದ್ದ ವೆರಾಂಡಕ್ಕೆ ಬಂದರು. "ಮೂಳೆಗೆ ಏನೂ ಹಬ್ಬಿಲ್ಲ. ವಯಸ್ಸಿನ ಸವೆತ ಅಷ್ಟೇ."

ದೊಡ್ಡಮ್ಮ ಅತ್ತೇಬಿಟ್ಟರು. ದೊಡ್ಡಪ್ಪ ಮಾತ್ರ ಸೊಸೆಯತ್ತ ಕೈ ಚಾಚಿ, "ಈಗಾದ್ರೂ ಹತ್ರ ಬಾರವ್ವಾ" ಎಂದರು. ಅವಳು ಇನ್ನೊಂದು ಹೆಜ್ಜೆ ಹಿಂದೆ ಸರಿದು, ನಾಚಿಕೊಂಡು ಬೋರ್ಡಿನತ್ತ ಬೆರಳು ತೋರಿಸಿದಳು. 'ಗರ್ಭಿಣಿಯರು ದೂರವಿರಿ' ಎಂದಿತ್ತು.

"ನಿಮ್ಮ ರಿಪೋರ್ಟ್ ಬರ್ಲಿ, ಆಮೇಲೆ ಹೇಳೋಣ ಅಂತಿದ್ವಿ ಮಾವ."

ದೊಡ್ಡಮ್ಮ ಕಣ್ಣೊರೆಸಿಕೊಂಡು ಗಂಡನತ್ತ ತಿರುಗಿದರು. "ಏನ್ರೀ, ಅಲ್ಲಾಡ್ಸಿ ಒಳಗಿರೋದ್ ಹೇಳೋರು! ಮನೇಲಿರೋದೇ ಗೊತ್ತಾಗ್ಲಿಲ್ವಾ?"

"ಎಳೆಕಾಯಿ ಕಣೇ ಅದು! ಎಳೇದು ಎಷ್ಟು ಅಲ್ಲಾಡ್ಸಿದ್ರೂ ಸದ್ದು ಮಾಡಾಕಿಲ್ಲ."