ಕ್ಯಾಮೆರಾ ಮುಂದೆ ಒಬ್ಬ ಗೃಹಿಣಿ

ಬೆಳಗಿನ ಹೊತ್ತು ನಾನು ಅರ್ಧ ಮಾತ್ರ ಎಚ್ಚರವಿರುತ್ತೇನೆ. ಯಜಮಾನರನ್ನು ಬಾಲಾನಗರದ ಕಾರ್ಖಾನೆ ಬಸ್ಸಿಗೆ ಕಳಿಸಿ, ಹಾಲು ಕಾಯಲಿಟ್ಟು, ಕೆನೆ ಸುಕ್ಕುಗಟ್ಟುವುದನ್ನೇ ನೋಡುತ್ತ ನಿಂತುಬಿಡುವುದು ನನ್ನ ದಿನಚರಿ. ಕಾನ್ವೆಂಟಿನ ಸಿಸ್ಟರುಗಳು "ಈ ಹುಡುಗಿ ಕಿಟಕಿಯಾಚೆಯೇ ಇರುತ್ತಾಳೆ" ಎಂದು ಅಪ್ಪನಿಗೆ ದೂರುತ್ತಿದ್ದರು. ಮದುವೆಯಾಗಿ ಈ ತೆಲುಗು ಊರಿಗೆ ಬಂದ ಮೇಲೆ ಕಿಟಕಿ ಬದಲಾಯಿತು, ಅಷ್ಟೇ.

ಅಂದೂ ಹಾಗೆಯೇ ನಿಂತಿದ್ದೆ. ಪತ್ರಿಕೋದ್ಯಮ ಓದಿ ಮುಗಿಸಿದ ಮಗಳು ಸುಮಾ ಒಂದು ತೆಲುಗು ಟೀವಿ ಚಾನೆಲ್ಲಿನಲ್ಲಿ ಪರೀಕ್ಷಾರ್ಥವಾಗಿ ದುಡಿಯುತ್ತಿದ್ದಳು. ಆ ದಿನದ ವರದಿ ನೋಡಿ ಕೆಲಸ ಕೊಡುವುದೋ ಬಿಡುವುದೋ ಹೇಳುತ್ತೇನೆ ಎಂದಿದ್ದರಂತೆ ಸಂಪಾದಕರು. ಬೆಳಿಗ್ಗೆಯೇ ಹೋದವಳು ಒಂದೆರಡು ತಾಸಿನಲ್ಲೇ ಕ್ಯಾಮೆರಾದವನೊಂದಿಗೆ ವಾಪಸು ಬಂದಳು.

"ಅಮ್ಮಾ, ಸಾಫ್ಟ್‌ವೇರಿನವರು ಬಂದಮ್ಯಾಲೆ ಮನಿ ಬಾಡಿಗಿ ಏರೇತಿ ಅಂತ ಯಾರರೇ ಗೃಹಿಣಿ ಹೇಳಬೇಕಂತ. ಬಾಗಿಲಾ ಬಡದು ಬಡದು ಸಾಕಾತು, ಯಾರೂ ಬರವಲ್ರು. ನೀನ ಹೇಳು."

"ಮನಿಯವರ ಮಾತು ಸುದ್ದಿಗೆ ತರಬಾರದು ಅಂತ ನಿಮ್ಮ ಕಾಲೇಜಿನ ಸರ್ ಕಲಿಸಿದ್ರಲ್ಲ?"

"ತಂದ್ರ ಮುಚ್ಚಿಡಬಾರದು ಅಂತಾನೂ ಕಲಿಸ್ಯಾರ. ಟೀವ್ಯಾಗ ನಿನ್ನ ಚಿತ್ರದ ಕೆಳಗ 'ವರದಿಗಾರ್ತಿಯ ತಾಯಿ' ಅಂತ ಹಾಕ್ತೀನಿ."

"ಅದರಿಂದ ಕೆಲಸ ಹೋದ್ರ?"

"ಹೋಗಲಿ ಬಿಡು" ಎಂದಳು.

ರೇಷ್ಮೆ ಸೀರೆ ಉಟ್ಟು, ಪೌಡರ್ ಹಚ್ಚಿ ಬಾಲ್ಕನಿಯಲ್ಲಿ ನಿಂತೆ. ದೂರದ ಬಂಡೆಗಳ ಮೇಲೆ ಮೋಡದ ನೆರಳೊಂದು ಮೆಲ್ಲಗೆ ಹತ್ತಿ ಇಳಿಯುತ್ತಿತ್ತು. ಬಾಡಿಗೆ ಮರೆತೇಹೋಯಿತು. ಬಂಡೆಗಳನ್ನೆಲ್ಲ ಸಿಡಿಸಿ ಮನೆ ಕಟ್ಟಿದರೆ ಪಾಪ, ಆ ನೆರಳು ಎಲ್ಲಿ ಕೂರಬೇಕು ಎಂದು ನನ್ನ ತರಕಾರಿ ಮಾರ್ಕೆಟ್ಟಿನ ತೆಲುಗಿನಲ್ಲಿ ಬಹಳ ಹೊತ್ತು ಹೇಳಿದೆ. ಕ್ಯಾಮೆರಾದವನು ಆಕಳಿಸಿ, "ಅಮ್ಮಾ, ಅದ್ದೆ?" ಎಂದು ಬಾಡಿಗೆಯನ್ನು ನೆನಪಿಸಿದ. "ಅದ್ದೆ ಪೆರಿಗಿಂದಿ", ಏರಿದೆ, ಎಂದೆ.

ಮಧ್ಯಾಹ್ನ ಊಟ ಸೇರಲಿಲ್ಲ. ನನ್ನ ತಾಯ್ತನವೇ ಮಗಳ ಅನ್ನಕ್ಕೆ ಅಡ್ಡ ಬಂತಲ್ಲ ಎಂಬ ಕೊರಗು. ಕೊನೆಗೆ ಅವಳ ಫೋನು ಬಂತು.

"ಸಂಪಾದಕರು ನಕ್ಕುಬಿಟ್ರಮ್ಮಾ. 'ತಾಯಿ ಅಂತ ಧಾರಾಳವಾಗಿ ಹಾಕು, ಆ ಜಾಗದಾಗ ಹೆಂಗೂ ಅಪಾರ್ಟ್‌ಮೆಂಟ್ ಜಾಹೀರಾತು ಓಡ್ತೈತಿ' ಅಂದ್ರು. ಸೋಮವಾರದಿಂದ ಕೆಲಸಕ್ಕ ಬಾ ಅಂದಾರ."

ಖುಷಿಪಡಬೇಕೋ ಬೇಡವೋ ಇಬ್ಬರಿಗೂ ತಿಳಿಯಲಿಲ್ಲ; ಫೋನಿಟ್ಟು ತಣ್ಣಗಾದ ಅನ್ನ ಬಡಿಸಿಕೊಂಡೆ.

ಸಂಜೆಯ ಸುದ್ದಿಯಲ್ಲಿ ಬಂಡೆ, ಮೋಡ, ನೆರಳು ಯಾವುದೂ ಇರಲಿಲ್ಲ. ನಾನು ಎರಡೇ ಪದ ಆಡಿ ಮಾಯವಾದೆ. ಮಗಳು ಕೆಲಸವನ್ನೇ ಪಣಕ್ಕಿಟ್ಟು ಹಾಕಿಸಿದ 'ತಾಯಿ' ಎಂಬ ಸಾಲಿನ ಮೇಲೆ ಮೂರು ಬೆಡ್‌ರೂಮಿನ ಫ್ಲ್ಯಾಟುಗಳು ಓಡಿಹೋದವು.

ಅಷ್ಟರಲ್ಲಿ ಪಕ್ಕದ ಮನೆಯ ಕಲಬುರಗಿಯ ಶಾಂತಾಬಾಯಿ ಹೆಪ್ಪಿಗೆ ಮಜ್ಜಿಗೆ ಕೇಳುತ್ತ ಬಂದರು. ಬಟ್ಟಲು ಚಾಚಿ ಹೇಳಿದರು: "ಈಗ ಟೀವ್ಯಾಗ ಒಬ್ಬಾಕಿ ಬಂದಿದ್ಲು ನೋಡ್ರಿ, ಥೇಟ್ ನಿಮ್ಮಂಗ. ಆದ್ರ ಆಕಿ ಭಾಳ ಶಾಣ್ಯಾಕಿರಿ. ಕೇಳಿದ್ದಕ್ಕಷ್ಟ ಜವಾಬ್ ಕೊಟ್ಟು ಸುಮ್ಮಾದ್ಲು."