ಮಾವನ ಅರ್ಧ ಬಕೆಟ್ ಗಣಿ

ಗಣಿ ಮಾಲೀಕರೆಂದರೆ ಬಳ್ಳಾರಿ ಕಡೆ ಮಾತ್ರ ಇರುತ್ತಾರೆಂದು ತಿಳಿದಿದ್ದರೆ, ಸ್ವಾಮಿ, ಈಗಲೇ ತಿದ್ದಿಕೊಳ್ಳಿ! ನಮ್ಮ ಕಿರಂಗೂರಿನಲ್ಲೂ ಒಬ್ಬನಿದ್ದಾನೆ. ಅವನು ನನ್ನ ಸ್ವಂತ ಸೋದರಮಾವ. ಗಣಿಯ ವಿಸ್ತೀರ್ಣ ಅರ್ಧ ಬಕೆಟ್ಟು. ಯಂತ್ರೋಪಕರಣವೆಂದರೆ ಮೈಕ್‌ಸೆಟ್ಟಿನವನು ಎಸೆದ ಹಾಳು ಸ್ಪೀಕರಿನ ಒಂದು ಅಯಸ್ಕಾಂತ. ಸಾಗಾಣಿಕೆಗೆ ಒಂದು ಹಳೇ ಮೊಪೆಡ್ಡು. ಕಾರ್ಮಿಕರು? ಅವನೊಬ್ಬನೇ. ಮುಷ್ಕರ, ಧಿಕ್ಕಾರ ಇತ್ಯಾದಿ ಮಾತ್ರ ನಮ್ಮ ಅತ್ತೆಯ ಇಲಾಖೆ.

ಮಾವ ಕಮ್ಮಾರರ ಮನೆಯವನು. ಈಗ ಹೊಟ್ಟೆಪಾಡಿಗೆ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುತ್ತಾನೆ, ಆದರೂ ಹಿತ್ತಲಿನಲ್ಲಿ ಅಪ್ಪನ ಕಾಲದ ಕುಲುಮೆಯನ್ನು ಆರಲು ಬಿಟ್ಟಿಲ್ಲ. ಅವನ ಕೈ ನೋಡಬೇಕು ನೀವು! ಬೆರಳಿನ ಗೆರೆಗೆರೆಯಲ್ಲೂ ಕಪ್ಪು. ಊಟಕ್ಕೆ ಕೂತಾಗಲೆಲ್ಲ ಅತ್ತೆಯದು ಒಂದೇ ಮಂತ್ರ.

"ಕೈ ತೊಳ್ಕಂಡು ಬನ್ನಿ ಅಂದ್ರೆ ಕೇಳಾಕಿಲ್ವಾ?"

ಮಾವನದೂ ಒಂದೇ ಉತ್ತರ: "ಮೂರು ಸಲ ತೊಳ್ದಿವ್ನಿ ಕಣಮ್ಮಿ. ಇದು ಕೊಳೆ ಅಲ್ಲ, ಕಬ್ಣ."

ಇವನಿಗೆ ಗಣಿಯ ಹುಚ್ಚು ಹಿಡಿದಿದ್ದಕ್ಕೆ ಒಂದು ಕಾರಣವಿದೆ. ನಮ್ಮಲ್ಲಿ ಮಗು ಹುಟ್ಟಿದರೆ ಅದರ ತಲೆದಿಂಬಿನ ಕೆಳಗೆ ಒಂದು ಕಬ್ಬಿಣ ಇಡುತ್ತಾರೆ. ದೃಷ್ಟಿ ತಾಕಬಾರದು, ಮಗು ಬೆಚ್ಚಬಾರದು ಅಂತ. ಬೇರೆಯವರ ಮನೆಯಲ್ಲಿ ಕುಡುಗೋಲೋ ಅಡಕತ್ತರಿಯೋ ಇಟ್ಟರೆ ಮುಗಿಯಿತು. ಮಾವನ ಮನೆಯಲ್ಲಿ ಹಾಗಲ್ಲ! ಮುತ್ತಜ್ಜ ಲೋಕಪಾವನಿ ಹೊಳೆಯ ಕಪ್ಪು ಮರಳನ್ನು ಕಾಯಿಸಿ, ಕರಗಿಸಿ, ತಾನೇ ತೆಗೆದ ಕಬ್ಬಿಣದ ಒಂದು ಗಟ್ಟಿ ಇತ್ತು. ಮನೆಯ ಮಕ್ಕಳೆಲ್ಲ ಅದರ ಮೇಲೇ ಮಲಗಿ ಬೆಳೆದವರು. ನಾನು ಹುಟ್ಟುವ ಹಿಂದಿನ ವರ್ಷ, ಆಗಿನ್ನೂ ಬಿಸಿರಕ್ತದವನಾಗಿದ್ದ ನಮ್ಮ ಮಾವ, ಇದರ ಸತ್ವ ಎಷ್ಟಿದೆ ನೋಡೋಣ ಎಂದು ಆ ಗಟ್ಟಿಯನ್ನು ಕುಲುಮೆಗೆ ಇಟ್ಟ. ಚೆನ್ನಾಗಿ ಗಾಳಿ ಹಾಕಿದ. ಅಷ್ಟರಲ್ಲಿ ಒಳಗಿನಿಂದ "ಗಿಣ್ಣು ಆಗದೆ, ಬಾರ್ಲಾ" ಎಂಬ ಕರೆ ಬಂತು. ಗಿಣ್ಣು ಅಂದರೆ ಸುಮ್ಮನೆಯೇ? ಎರಡನೇ ತಟ್ಟೆ ಮುಗಿಸಿ ಬರುವಷ್ಟರಲ್ಲಿ ಮುತ್ತಜ್ಜನ ಕಬ್ಬಿಣ ಕಿಡಿಕಿಡಿಯಾಗಿ ಉರಿದು ಹೋಗಿತ್ತು!

ಹಾಗಾಗಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕುಡುಗೋಲಿನ ಮೇಲೆ ಮಲಗಿದ ಮೊದಲ ಕೂಸು ನಾನು. ನನ್ನ ಗಂಟಲು ಲಾರಿ ಹಾರನ್ನಿನ ಹಾಗಿರುವುದಕ್ಕೆ ಅದೇ ಕಾರಣವೆಂದು ನಮ್ಮೆಜಮಾನರು ಈಗಲೂ ನಂಬಿದ್ದಾರೆ. ಅಮ್ಮ ಮಾತ್ರ ತಮ್ಮನನ್ನು ಜೀವಮಾನವಿಡೀ ಬಿಡಲಿಲ್ಲ. "ನನ್ ಮಗೀಗಂತೂ ಇಲ್ದಂಗೆ ಮಾಡ್ದೆ. ಅವಳ ಮಗೀಗಾದ್ರೂ ನಮ್ ಹೊಳೆ ಕಬ್ಣ ಮಡಗ್ಲಾ" ಎನ್ನುತ್ತಿದ್ದಳು. ಹೋಗುವ ಮುಂಚೆ ಆಸ್ಪತ್ರೆಯ ಮಂಚದಲ್ಲೂ ಅದನ್ನೇ ಅಂದಳು. ಮಾವ ಅವಳ ಕೈಮೇಲೆ ಕೈಯಿಟ್ಟು ಆಣೆ ಮಾಡಿದ. ಆಮೇಲೆ ಎರಡು ವರ್ಷಕ್ಕೆ ನಾನು ಬಸುರಿಯಾದೆ. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವಳು ರಜೆ ಹಾಕಿ, ತವರೆಂದು ಉಳಿದಿದ್ದ ಮಾವನ ಮನೆಗೆ ಬಂದೆ. ಗಣಿಗಾರಿಕೆ ಶುರುವಾಯಿತು.

ಮೊದಲ ವಾರ ಅದಿರಿನ ಶೋಧನೆ. ಅಯಸ್ಕಾಂತವನ್ನು ಹಗ್ಗದಲ್ಲಿ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ನಾಲೆ ಏರಿಯ ರಸ್ತೆಯಲ್ಲಿ ಅರಕೆರೆವರೆಗೂ ಎಳೆದುಕೊಂಡು ಹೋದ. ಕಪ್ಪು ಮರಳು ಸಿಕ್ಕಿದ್ದು ಚಿಟಿಕೆಯಷ್ಟು. ಮೊಳೆ, ತಂತಿ, ಲಾಳದ ಚೂರು ಸಿಕ್ಕಿದ್ದು ಒಂದು ಚೀಲ! ನಾಲ್ಕು ದಿನ ಹೀಗೇ ಓಡಾಡಿದ ಮೇಲೆ ಅರಕೆರೆಯ ಪಂಚರ್ ಅಂಗಡಿಯವನು ಮನೆ ಬಾಗಿಲಿಗೇ ಬಂದ.

"ಅಣ್ಣ, ನಿಮ್ಗೆ ಕೈ ಮುಗೀತೀನಿ. ನಾಲ್ಕು ದಿನದಿಂದ ಒಂದು ಪಂಚರ್ ಬಂದಿಲ್ಲ. ನಾನೂ ಮಕ್ಳೊಂದಿಗ."

ಆಮೇಲೆ ಮಾವ ರಸ್ತೆ ಬಿಟ್ಟು, ಕರಿಘಟ್ಟದ ಬುಡದಲ್ಲಿ ಹೊಳೆಗೇ ಇಳಿದ. ಮಂಡಿಯುದ್ದ ನೀರಿನಲ್ಲಿ ನಿಂತು, ಮರಳಿನಲ್ಲಿ ಅಯಸ್ಕಾಂತ ಆಡಿಸಿ, ಅಂಟಿದ ಕಪ್ಪು ಹುಡಿಯನ್ನು ಬಕೆಟ್ಟಿಗೆ ಕೊಡವುವ ಕೆಲಸ. ಅಲ್ಲಿಗೆ ಯಾರೋ ಅಧಿಕಾರಿ ಜೀಪಿನಲ್ಲಿ ಬಂದರು.

"ಏನ್ರೀ ಇದು? ಹೊಳೆ ಮರಳು ತುಂಬ್ತಾ ಇದ್ದೀರಾ? ಅಕ್ರಮ ಅಂತ ಗೊತ್ತಿಲ್ವಾ?"

"ಸಾ, ಮರಳೆಲ್ಲ ಅಲ್ಲೇ ಬುಟ್ಟಿವ್ನಿ. ಅದ್ರಾಗಿರೋ ಕಬ್ಣ ಮಾತ್ರ ತಕಂಡಿವ್ನಿ."

"ಹಾಗಾದ್ರೆ ಇದು ಅದಿರು ಗಣಿಗಾರಿಕೆ! ಇನ್ನೂ ದೊಡ್ಡ ಕೇಸು!"

ಹೆದರಬೇಕಿತ್ತು ತಾನೇ? ಮಾವ ಹಿಗ್ಗಿಹೋದ! ಕತೆಯೆಲ್ಲ ಕೇಳಿದ ಅಧಿಕಾರಿ ಬಕೆಟ್ಟಿನೊಳಗೆ ಇಣುಕಿ, ನಕ್ಕು, ಮತ್ತೆ ಹೊಳೆಗೆ ಇಳಿಯಬಾರದೆಂದು ಗದರಿಸಿ, ತುಂಬಿದ್ದ ಅರ್ಧ ಬಕೆಟ್ಟನ್ನು ಅವನಿಗೇ ಬಿಟ್ಟು ಕಳಿಸಿದರು. ಊರಿಗೆ ಬಂದವನೇ ಟೀ ಅಂಗಡಿಯ ಮುಂದೆ ಎಲ್ಲರಿಗೂ ಹೇಳಿದ: "ಸರ್ಕಾರ್ದೋರೇ ಒಪ್ಕಂಡವ್ರೆ ಕಣ್ರಲಾ, ನಂದು ಗಣಿ ಅಂತ!"

ಅದಿರು ಸಿಕ್ಕಿತು, ಇನ್ನು ಇದ್ದಿಲು. ಅದಕ್ಕೆ ತೆಂಗಿನ ಚಿಪ್ಪೇ ಆಗಬೇಕಂತೆ. ನಾಗಮಂಗಲದಿಂದ ಕೆ.ಆರ್. ಪೇಟೆವರೆಗೆ ಎಲ್ಲಿ ಮದುವೆಯಾದರೂ ಮಾವ ಹಾಜರ್. ಮುಯ್ಯಿ ಕೊಟ್ಟು, ಗಂಡು ಹೆಣ್ಣಿನ ಮುಖವನ್ನೂ ನೋಡದೆ, ಸೀದಾ ಅಡುಗೆಯವರ ಹಿಂದುಗಡೆ ಹೋಗಿ ಚಿಪ್ಪು ತುಂಬಿಕೊಂಡು ಬರುವನು. ಅತ್ತೆಗೆ ರೇಗಿಹೋಯಿತು.

"ಮುಯ್ಯಿ ದುಡ್ಗೆ ಅಂಗಡೀಲಿ ಒಂದು ಹೊರೆ ಕಬ್ಣ ಬರೋದು ಕಣ್ರೀ! ಊಟನಾದ್ರೂ ಮಾಡ್ಕಂಡು ಬರಬಾರ್ದಾ?"

"ಅಂಗಡಿ ಕಬ್ಣ ಯಾವೂರ್ದು ಅಂತ ನಿಂಗೊತ್ತಾ?"

ಹೀಗೆ ಕೇಳಿದರೆ ಯಾವ ಅರ್ಥಶಾಸ್ತ್ರಜ್ಞ ತಾನೇ ಉತ್ತರ ಹೇಳಿಯಾನು?

ಹಿತ್ತಲಿನಲ್ಲಿ ಎದೆಯೆತ್ತರದ ಮಣ್ಣಿನ ಒಲೆ ಎದ್ದಿತು. ಮೊದಲ ಸಲ ಬೆಂಕಿ ಹಾಕಿದಾಗ ಅದು ನೆತ್ತಿಯಿಂದ ಬುಡದವರೆಗೆ ಬಿರುಕು ಬಿಟ್ಟು, ಅತ್ತೆ ಒಣಹಾಕಿದ್ದ ನಾಲ್ಕು ಸೀರೆಗೆ ಮಸಿ ಬಳಿಯಿತು. ಎರಡನೇ ಸಲ ಒಲೆ ನಿಂತಿತು, ಆದರೆ ಕಾವು ಸಾಲಲಿಲ್ಲ. ಹೊರಬಂದಿದ್ದು ಬರೀ ಕಿಟ್ಟ, ಅಂದರೆ ಕಬ್ಬಿಣ ಬಿಟ್ಟು ಮಿಕ್ಕ ಕಸವೆಲ್ಲ ಸೇರಿದ ತೂತುತೂತಿನ ಕಲ್ಲು. ಮಾವ ತಲೆ ಮೇಲೆ ಕೈ ಹೊತ್ತು ಕೂತ. ಅತ್ತೆ ಮಾತ್ರ ಒಂದು ಚೂರು ಎತ್ತಿಕೊಂಡು ಬಚ್ಚಲಿಗೆ ಹೋದವಳು ಮುಖ ಅರಳಿಸಿಕೊಂಡು ಬಂದಳು. "ಕಾಲ್ ಉಜ್ಜಕೆ ಬೋ ಚೆನ್ನಾಗದೆ ಕಣ್ರೀ!" ಎರಡೇ ದಿನದಲ್ಲಿ ಬೀದಿಯ ಹೆಂಗಸರೆಲ್ಲ ಬಂದು ಒಂದೊಂದು ಒಯ್ದರು. ನಮ್ಮ ಗಣಿಯಲ್ಲಿ ಬೇಡಿಕೆಯಿದ್ದ ಪದಾರ್ಥ ಅದೊಂದೇ.

ನನಗೋ ದಿನ ತುಂಬುತ್ತಿತ್ತು. ಮಾವ ನನ್ನ ಹೊಟ್ಟೆ ನೋಡುವನು, ಒಲೆ ನೋಡುವನು, ನಿಟ್ಟುಸಿರು ಬಿಡುವನು. ಕೊನೆಗೆ ಒಲೆ ಕಟ್ಟುವುದರಲ್ಲಿ ಎತ್ತಿದ ಕೈ ಎಂದು ಪಾಂಡವಪುರ ಕಡೆಯ ಒಬ್ಬರು ಆಲೆಮನೆಯವರನ್ನು ಕರೆತಂದ. ಜೀವಮಾನವೆಲ್ಲ ಬೆಲ್ಲ ಕಾಯಿಸಿದ ಮನುಷ್ಯ. ಒಲೆಗೆ ಹೊಸದಾಗಿ ಮಣ್ಣು ಮೆತ್ತಿ, ಗಾಳಿಯ ಕಂಡಿ ಸರಿಮಾಡಿ, ಬಕೆಟ್ಟಿನ ತಳದಲ್ಲಿ ಉಳಿದಿದ್ದ ಅದಿರಿಗೆ ಮೂರನೇ ಸಲ ಉರಿ ಹಾಕಿಸಿದರು. ಬೆಂಕಿ ಬೆಳ್ಳಗಾಗುತ್ತಿದ್ದಂತೆ ಒಳಗೆ ಇಣುಕಿದವರು ಅಭ್ಯಾಸಬಲದಿಂದ ಎರಡು ಬೊಗಸೆ ಸುಣ್ಣ ಎತ್ತಿ ಹಾಕಿಯೇಬಿಟ್ಟರು!

"ಅಯ್ಯೋ, ಇದೇನ್ ಬೆಲ್ಲದ ಕೊಪ್ಪರಿಗೆಯಾ?" ಎಂದು ಮಾವ ಬಾಯಿ ಬಡಿದುಕೊಂಡ.

"ಅಲ್ವಾ? ಕೊಳೆ ಎದ್ದದ್ದು ಕಂಡ್ತು, ಕೈ ತಡೀನಿಲ್ಲ. ಕೊಳೆ ಬಿಡಕೆ ನಾವು ಸುಣ್ಣವೇ ಹಾಕೋದು."

ನಾನು ಕುರ್ಚಿಯಿಂದ ಏಳಲು ಒದ್ದಾಡುತ್ತ "ಸರಿಯಾಗಿದೆ ಮಾವ! ಪುಸ್ತಕದಲ್ಲೂ ಸುಣ್ಣವೇ!" ಎಂದು ಕೂಗಿದೆ. ಆರು ವರ್ಷದಿಂದ ಬೋರ್ಡಿನ ಮೇಲೆ ಬರೆದದ್ದು ಕಣ್ಣೆದುರು ನಡೆಯಿತು! ಕಿಟ್ಟ ನೀರಾಗಿ ಹರಿದು ಹೋಯಿತು. ಒಲೆ ಆರಿದ ಮೇಲೆ ಬುಡದಲ್ಲಿ ಮುಷ್ಟಿಯಷ್ಟು ದೊಡ್ಡ ಒಂದು ಗಟ್ಟಿ. ಮಾವ ಅಯಸ್ಕಾಂತ ಹತ್ತಿರ ತಂದ. ಟಕ್! ಆ ಸದ್ದಿಗೆ ಅರವತ್ತರ ಮಾವ ಹಿತ್ತಲೆಲ್ಲ ಕುಣಿದ. ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದಳು.

ಇನ್ನು ಉಳಿದದ್ದು ಅದನ್ನು ಕಾಯಿಸಿ, ಬಡಿದು ಹದ ಮಾಡುವುದು. ಮರುದಿನ ಬೆಳಗ್ಗೆ ಮಾವ ಸುತ್ತಿಗೆ ಎತ್ತುವುದಕ್ಕೂ ನನಗೆ ನೋವು ಶುರುವಾಗುವುದಕ್ಕೂ ಸರಿಹೋಯಿತು. "ನೀವು ನಡೀರಿ. ನಾಲ್ಕೇ ಏಟು, ಬಂದ್ಬುಟ್ಟೆ" ಎಂದ. ಅತ್ತೆ ನನ್ನನ್ನು ಆಟೋ ಹತ್ತಿಸಿಕೊಂಡು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಬಂದಳು. ಮಧ್ಯಾಹ್ನಕ್ಕೆ ಮಗಳು ಹುಟ್ಟಿದಳು. ಗಂಟಲು ನನ್ನದೇ!

ಸಂಜೆ ಮಾವ ಬಂದ. ಬಾಗಿಲಲ್ಲೇ ನಿಂತ. ಅವನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಟವೆಲ್ಲಿನ ಗಂಟು ಬಿಚ್ಚಿದರೆ ಒಳಗೆ ಬರೀ ಹರಳಿನಂಥ ಪುಡಿ.

"ಒಡೆದೋಯ್ತು ಕಣವ್ವ. ನಿನ್ ದಿನ ಅತ್ರ ಬಂತು ಅಂತ ಆತ್ರಕ್ಕೆ ಇದ್ದಿಲು ಜಾಸ್ತಿ ಸುರ್ದ್ಬುಟ್ಟಿದ್ದೆ. ಬಲೇ ಗಡುಸಾಗಿ, ಮೂರ್ನೇ ಏಟ್ಗೇ ಚೂರಾಗೋಯ್ತು. ನಿಮ್ಮವ್ವಂಗೆ ಏನ್ ಏಳ್ಲಿ ನಾನು?"

ಮಾವ ಅಳುವುದನ್ನು ಅಮ್ಮ ಹೋದ ದಿನ ಬಿಟ್ಟರೆ ನಾನು ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ಪುಡಿಯನ್ನು ಮಗುವಿನ ಹತ್ತಿರ ಇಡುವ ಹಾಗಿಲ್ಲ. ಅಷ್ಟರಲ್ಲಿ ನರ್ಸಮ್ಮ ಬಂದು "ಏನಜ್ಜ ಇದು ಕೈ? ತೊಳ್ಕೊಂಡು ಬನ್ನಿ" ಎಂದು ಗದರಿದರು. ಹೋಗಿ ಬಂದ. ಮತ್ತೆ ಕಳಿಸಿದರು. ಮತ್ತೆ ಬಂದ. ಮೂರನೇ ಸಲ ಸೋಪು ಕೊಟ್ಟು ಕಳಿಸಿದರು. ಕೈ ಕೆಂಪಾಗಿತ್ತು, ಗೆರೆಗಳ ಕಪ್ಪು ಮಾತ್ರ ಹಾಗೇ ಇತ್ತು. ಅತ್ತೆಯೇ ಮುಂದೆ ಬಂದಳು. "ಬುಡವ್ವ, ನಲವತ್ತು ವರ್ಸದಿಂದ ತೊಳುಸ್ತಿವ್ನಿ. ಅದು ಕೊಳೆ ಅಲ್ಲ, ಕಬ್ಣ" ಎಂದಳು.

ನಾನು ಮಗುವಿನತ್ತ ಹೊರಳಿದೆ. "ಮಾವ, ನಿನ್ನ ಕೈ ಇಲ್ಲಿ ಇಡು" ಎಂದು ದಿಂಬಿನ ಅಂಚು ಎತ್ತಿದೆ.

ಮಾವ ಸ್ಟೂಲು ಎಳೆದುಕೊಂಡು ಕೂತು, ಅಂಗೈಯನ್ನು ಮೆಲ್ಲಗೆ ದಿಂಬಿನ ಕೆಳಗೆ ಸೇರಿಸಿದ. ಚೀರುತ್ತಿದ್ದ ಮಗಳು ಸ್ವಲ್ಪ ಹೊತ್ತಿಗೆ ಅದರ ಮೇಲೇ ನಿದ್ದೆ ಹೋದಳು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಮಾವ ಕದಲಲಿಲ್ಲ. ಡ್ಯೂಟಿ ಮುಗಿಸಿ ಹೊರಟ ನರ್ಸಮ್ಮ ಇಣುಕಿ, "ಏನಜ್ಜ, ಕೈ ಸಿಕ್ಕಾಕ್ಕೊಂಡಿದ್ಯಾ?" ಎಂದು ಕೇಳಿದರು.

ಮಾವ ತುಟಿಯ ಮೇಲೆ ಇನ್ನೊಂದು ಕೈಯ ಬೆರಳಿಟ್ಟು ಪಿಸುಗುಟ್ಟಿದ.

"ಶ್... ಮೆಲ್ಲುಕೆ ಮಾತಾಡವ್ವ. ಮಗೀಗೆ ಕಬ್ಣ ಮಡಗಿವ್ನಿ."