ಬಿಸ್ಕತ್ತು ಡಬ್ಬಿಯ ಶ್ರುತಿ

ವಾದದಲ್ಲಿ ಗೆಲ್ಲುವುದು ಒಂದು ಕೆಟ್ಟ ಚಟ. ಬೀಡಿ ಸೇದುವವನನ್ನು ಕೆಮ್ಮಾದರೂ ಎಚ್ಚರಿಸುತ್ತದೆ; ವಾದ ಮಾಡುವವನಿಗೆ ಚಪ್ಪಾಳೆ ಸಿಗುತ್ತದೆ. ಮಂಡ್ಯದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಷೀಲ್ಡು ಗೆದ್ದು ಕೆರಗೋಡಿನ ಬಸ್ಸು ಹತ್ತಿದಾಗ ಕಂಡಕ್ಟರು ಅದಕ್ಕೆ ಲಗೇಜು ಟಿಕೆಟ್ಟು ಕೇಳಿದ. ವಾದಿಸಿದೆ, ಗೆದ್ದೆ. ಅಷ್ಟರಲ್ಲಿ ನಾನು ಇಳಿಯಬೇಕಾದ ಸ್ಟಾಪು ಹಿಂದಕ್ಕೆ ಹೋಗಿತ್ತು.

ಆ ಕಾಲೇಜಿನ ಲೈಬ್ರರಿಯಲ್ಲೇ, ಒಂದು ವಿಲಾಯಿತಿ ಪತ್ರಿಕೆಯಲ್ಲಿ, ಸಿಂಥಸೈಜರ್ ಎಂಬ ವಾದ್ಯದ ಚಿತ್ರ ಕಂಡೆ. ಅದು ಒಂದು ವಾದ್ಯವಲ್ಲ, ಪೆಟ್ಟಿಗೆಗಳ ಒಟ್ಟು ಕುಟುಂಬ. ಒಂದು ಸದ್ದು ಹುಟ್ಟಿಸುತ್ತದೆ, ಇನ್ನೊಂದು ಅದರ ಒರಟುತನ ಸೋಸುತ್ತದೆ, ಮತ್ತೊಂದು ಅದನ್ನು ಜೋರು ಮಾಡಿ ಮೆಲ್ಲಗೆ ಮಾಡುತ್ತದೆ. ಯಾರ ಮಾತು ಯಾರಿಗೆ ಮುಟ್ಟಬೇಕೆಂದು ವೈರು ಸಿಕ್ಕಿಸಿ ನಾವೇ ತೀರ್ಮಾನಿಸಬಹುದು. ನಮ್ಮ ಮನೆಯಲ್ಲಿ ಈ ಸೌಲಭ್ಯವಿಲ್ಲದ್ದರಿಂದ ನನಗೆ ಬಹಳ ಹಿಡಿಸಿತು. ಟ್ರಾನ್ಸಿಸ್ಟರುಗಳನ್ನು ಬೆಸೆದು, ಬಿಸ್ಕತ್ತು ಡಬ್ಬಿಗಳಲ್ಲಿ ಕೂರಿಸಿ, ಅಂಥದ್ದನ್ನೇ ಕಟ್ಟಿದೆ. ಎಷ್ಟು ವೈರು ಬದಲಿಸಿದರೂ ಅದು ಒಂದೇ ಸ್ವರ ಹಿಡಿದು ಕೂತಿತು. ಸೋಲೊಪ್ಪುವ ಜಾಯಮಾನವೇ ನನ್ನದು? ಇದು ವಿದ್ಯುತ್ ಶ್ರುತಿಪೆಟ್ಟಿಗೆ ಎಂದು ಘೋಷಿಸಿದೆ.

ತಂಗಿ ವಿಮಲ ಮಂಡ್ಯದ ಮೇಷ್ಟರೊಬ್ಬರಲ್ಲಿ ಸಂಗೀತ ಕಲಿಯುತ್ತಿದ್ದಳು. ಕಬ್ಬು ಬೆಳೆಯುವವರ ಮಗಳಿಗೆ ಇದೆಲ್ಲ ಯಾಕೆಂದು ಅಪ್ಪನಿಗೆ ಗುಮಾನಿ. ಕೊನೆಗೆ ಕರಾರು ಹಾಕಿದರು: “ರಾಮನವಮಿ ಪೆಂಡಾಲಲ್ಲಿ ಹಾಡ್ಲಿ. ಜನ ಕೂತು ಕೇಳುದ್ರೆ ಮುಂದಕ್ಕೂ ಕಳಿಸ್ತೀನಿ. ಎದ್ದೋದ್ರೆ ಅಲ್ಲಿಗೆ ಮುಗೀತು.”

ಅವಳು ಮೇಷ್ಟರ ತಂಬೂರಿ ತರುವವಳಿದ್ದಳು. ತಂತಿ ಬಿಸಿಲಿಗೆ ಸಡಿಲುತ್ತದೆ, ವಿಜ್ಞಾನ ಸಡಿಲುವುದಿಲ್ಲ ಎಂದೆ. ಹಾಗಾದರೆ ಬ್ಯಾಟರಿಯಾದರೂ ಹಾಕು, ನಮ್ಮೂರಿನ ಕರೆಂಟನ್ನು ನಂಬುವುದು ಹೇಗೆ ಎಂದಳು. ಅದು ಮೂಢನಂಬಿಕೆ ಎಂದು ಸಾಧಿಸಿ ತೋರಿಸಿದೆ. ಅವಳು ಒಪ್ಪಿದಳು. ಅಭ್ಯಾಸಕ್ಕೆ ಹೊತ್ತಾಗುತ್ತಿತ್ತು, ಅದಕ್ಕೆ.

ಮಧ್ಯಾಹ್ನದ ಕಾರ್ಯಕ್ರಮ. ಪೆಂಡಾಲು ತುಂಬಿತ್ತು. ವಿಮಲ ಚೆನ್ನಾಗಿಯೇ ಶುರು ಮಾಡಿದಳು; ಮುಂದೆ ಕೂತಿದ್ದ ಅಪ್ಪ ತಲೆದೂಗಿದ್ದನ್ನು ನಾನೇ ಕಂಡೆ. ಆಗ ಗದ್ದೆಗಳಿಗೆ ತ್ರೀ ಫೇಸ್ ಕರೆಂಟು ಬಿಟ್ಟರು. ಸುತ್ತಲಿನ ಪಂಪುಸೆಟ್ಟುಗಳು ಒಂದೊಂದಾಗಿ ಎದ್ದವು, ವೋಲ್ಟೇಜು ಕುಸಿಯಿತು, ಅದರ ಜೊತೆ ನನ್ನ ಡಬ್ಬಿಯ ಸ್ವರವೂ ನಿಧಾನವಾಗಿ ಇಳಿಯತೊಡಗಿತು. ಏನೇ ಆದರೂ ಶ್ರುತಿ ಬಿಡಬಾರದೆಂದು ಮೇಷ್ಟರು ಕಲಿಸಿದ್ದರಲ್ಲ, ವಿಮಲ ಬಿಡಲಿಲ್ಲ. ಅದರ ಹಿಂದೆಯೇ ಇಳಿದಳು. ಪಿಟೀಲಿನವರು ಬಿರಡೆ ತಿರುಗಿಸುತ್ತ ಸ್ವಲ್ಪ ದೂರ ಜೊತೆಗೆ ಬಂದು ಕೈಬಿಟ್ಟರು. ಮೈಕು ಮಾತ್ರ ಬ್ಯಾಟರಿಯದು. ಈ ಅವರೋಹಣವನ್ನು ಅದು ಊರಿಗೆಲ್ಲ ನಿಷ್ಠೆಯಿಂದ ಸಾರಿತು.

ಪಕ್ಕದ ಮನೆಯ ನಿಂಗೇಗೌಡರು ಕಿವಿ ನಿಮಿರಿಸಿದರು. “ವೋಲ್ಟೇಜು ಬಿತ್ತು ಕಣ್ಲಾ. ಗದ್ದೆಗೆ ಕರೆಂಟು ಬಂದದೆ, ಏಳ್ಲಾ.” ಅರ್ಧ ಪೆಂಡಾಲು ಟವೆಲು ಕೊಡವಿಕೊಂಡು ಎದ್ದು ಹೊರಟಿತು.

ವಿಮಲ ನನ್ನ ಕಡೆ ನೋಡಿದಳು. ತಪ್ಪು ಪೆಟ್ಟಿಗೆಯದೆಂದು ಮೈಕಿನಲ್ಲಿ ಹೇಳಿದ್ದರೆ ಸಾಕಿತ್ತು. ಯಾವ ವೇದಿಕೆಯಲ್ಲೂ ಹಿಂಜರಿಯದ ನಾನು ತಲೆ ತಗ್ಗಿಸಿ, ಸರಿಯಾಗಿಯೇ ಇದ್ದ ವೈರನ್ನು ಸರಿಮಾಡುವವನಂತೆ ತಡಕಾಡಿದೆ. ಆ ತಡಕಾಟ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕೊನೆಗೆ ಅವಳೇ ವೈರು ಕಿತ್ತು, ಶ್ರುತಿಯಿಲ್ಲದೆ, ಉಳಿದವರಿಗೆ ಹಾಡು ಮುಗಿಸಿದಳು.

ಮನೆಯ ದಾರಿಯಲ್ಲಿ ಅಪ್ಪ ಮೆತ್ತಗೆ ಹೇಳಿದರು, “ಜನ ಎದ್ದೋದ್ರು. ಇನ್ ಸಾಕು ಬುಡವ್ವ.”

ನನ್ನ ಹೆಸರು ಹೇಳಬಹುದಿತ್ತು, ಅವಳು ಹೇಳಲಿಲ್ಲ. ಎದುರಾಳಿ ಹೀಗೆ ಸುಮ್ಮನಿದ್ದರೆ ಏನು ಮಾಡಬೇಕೆಂದು ಯಾವ ಚರ್ಚಾಕೂಟದಲ್ಲೂ ಹೇಳಿಕೊಟ್ಟಿರಲಿಲ್ಲ. ನಾನು ಬಾಯಿ ತೆರೆದೆ. ಟ್ರಾನ್ಸಿಸ್ಟರಿನ ಸ್ವಭಾವದಿಂದ ಆರಂಭಿಸಿ ವಿದ್ಯುತ್ ಮಂಡಳಿಯ ನೀತಿಗೆ ಬರುವಷ್ಟರಲ್ಲಿ ಅಪ್ಪ ತಡೆದರು.

“ಸುತ್ತಬ್ಯಾಡ ಕಣ್ಲಾ. ಜನ ಎದ್ದಿದ್ದು ಅವಳ ಹಾಡಿಗಾ, ನಿನ್ನ ಡಬ್ಬಿಗಾ?”

“ಡಬ್ಬಿಗೆ,” ಎಂದೆ. ನನ್ನ ಅತಿ ಚಿಕ್ಕ ಭಾಷಣ ಅದು. ಚಪ್ಪಾಳೆ ಬೀಳಲಿಲ್ಲ.

ವಿಮಲ ಈಗಲೂ ಮಂಡ್ಯಕ್ಕೆ ಹೋಗುತ್ತಾಳೆ. ನನ್ನ ಸಿಂಥಸೈಜರನ್ನು ಅಪ್ಪ ಜಗುಲಿಯ ಮೇಲೆ ಇಡಿಸಿದ್ದಾರೆ. ಗದ್ದೆಗೆ ಕರೆಂಟು ಬಂತೋ ಇಲ್ಲವೋ ಎಂದು ಪಂಪಿನ ಮನೆಯವರೆಗೆ ನಡೆದು ನೋಡುವ ಕಷ್ಟ ತಪ್ಪಿತಂತೆ. ದಾರಿಯಲ್ಲಿ ಹೋಗುವವರೂ ನಿಂತು, ನಿನ್ನ ಪೆಟ್ಟಿಗೆ ಏನಂತದಪ್ಪ ಎಂದು ಕೇಳುತ್ತಾರೆ. ಪಕ್ಕದಲ್ಲಿ ಕಿವಿಗೊಟ್ಟು ಕೂರುವುದೂ, ಸ್ವರ ಇಳಿದರೆ ಓಡಿಹೋಗಿ ಮೋಟಾರು ಹಾಕುವುದೂ ನನ್ನ ಕೆಲಸ. ಬಿಎಸ್ಸಿ ಓದುವವನಿಂದ ಇದನ್ನು ಮಾಡಿಸುವುದು ಎಷ್ಟು ಸರಿ ಎಂದು ಮೊನ್ನೆ ಅಪ್ಪನೊಂದಿಗೆ ವಾದಕ್ಕೆ ಕೂತೆ. ಅಂಶಗಳು ಗಟ್ಟಿಯಾಗಿದ್ದವು. ಇನ್ನೇನು ಗೆದ್ದೆ ಎನ್ನುವಾಗ ಸ್ವರ ಇಳಿಯಿತು. ಎದ್ದು ಓಡಿದೆ.